ಮಹಾಮಾರಿಯ ಕಾಲದ ವಾಚನಾಲಯ: ಬೆಳಗಾವಿ–ಖಾನಾಪುರ ಪರಿಸರದ ಒಂದು ಜಾನಪದೀಯ ವಿಮರ್ಶೆ

ಸಾರ್ವಜನಿಕ ಗ್ರಂಥಾಲಯವೊಂದರ ಸಾಧನೆಯನ್ನು ಸದಸ್ಯರ ಸಂಖ್ಯೆ, ಪುಸ್ತಕಗಳ ಸಂಖ್ಯೆ ಮತ್ತು ಎರವಲು ಹೋದ ಪುಸ್ತಕಗಳ ಸಂಖ್ಯೆ ಎಂಬ ಮೂರು ಲೆಕ್ಕಗಳಿಂದ ಅಳೆಯುವುದು ರೂಢಿಯಾಗಿದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ಈ ಪಟ್ಟಿಗೆ ಡಿಜಿಟಲ್ ಗ್ರಂಥಾಲಯದಲ್ಲಿ ಹೆಸರು ನೋಂದಾಯಿಸಿಕೊಂಡವರ ಸಂಖ್ಯೆಯೂ ಸೇರಿತು. ಓದುವ ಕೋಣೆಯ ಬಾಗಿಲು ಮುಚ್ಚಿದ್ದರೂ ಗ್ರಂಥಾಲಯ ನಡೆಯುತ್ತಿದೆ ಎಂಬ ಭರವಸೆಗೆ ಆಧಾರವಾದದ್ದು ಈ ನಾಲ್ಕನೆಯ ಲೆಕ್ಕವೇ. ಆ ಭರವಸೆ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಪರಿಸರದಲ್ಲಿ ಅದನ್ನು ಜಾನಪದೀಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬೆಳಗಾವಿಯ ಗ್ರಂಥಾಲಯ ಪರಂಪರೆ 1848ರಷ್ಟು ಹಿಂದಿನದು. ಮುಂಬಯಿ ಪ್ರಾಂತ್ಯದ ಆಡಳಿತದ ಆ ದಿನಗಳಲ್ಲಿ ‘ನೇಟಿವ್ ಜನರಲ್ ಲೈಬ್ರರಿ’ ಎಂದು ಆರಂಭವಾದ ಸಂಸ್ಥೆ ಮುಂದೆ ‘ಸಾರ್ವಜನಿಕ ವಾಚನಾಲಯ’ ಎಂಬ ಹೆಸರು ಪಡೆಯಿತು. ಈ ಭಾಗದ ಕನ್ನಡ ಮತ್ತು ಮರಾಠಿಗಳೆರಡರಲ್ಲಿಯೂ ಬಳಕೆಯಲ್ಲಿರುವ ‘ವಾಚನಾಲಯ’ ಎಂಬ ಪದ ವಿಚಾರಯೋಗ್ಯವಾದುದು. ಗ್ರಂಥಾಲಯವೆಂದರೆ ಪುಸ್ತಕಗಳ ಮನೆ. ವಾಚನಾಲಯವೆಂದರೆ ಓದಿನ ಮನೆ. ಕನ್ನಡದ ಸಂದರ್ಭದಲ್ಲಿ ವಾಚನವೆಂಬುದು ಬಹುಕಾಲ ಒಬ್ಬನ ಮೌನ ಕ್ರಿಯೆಯಾಗಿರಲಿಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ಕೇಳುತ್ತದೆ. ಚಾವಡಿಯಲ್ಲಿ ಪತ್ರಿಕೆಯನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಅಕ್ಷರ ಬಾರದವರೂ ಸುದ್ದಿಯ ಪಾಲುದಾರರಾಗುತ್ತಾರೆ. ಹಳ್ಳಿಯ ಗ್ರಂಥಾಲಯದ ಮೇಜು ಈ ಚಾವಡಿಯ ಮುಂದುವರಿಕೆಯೇ ಆಗಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಸೇರಿಸಿ, ಓದನ್ನು ನಾಗರಿಕರೆಲ್ಲರ ಹಕ್ಕಿನ ಸಂಗತಿಯಾಗಿಸಿತು. ಆ ಹಕ್ಕು ಪುಸ್ತಕಕ್ಕಷ್ಟೇ ಸೀಮಿತವೋ, ಕೂಡಿ ಓದುವ ನೆಲೆಗೂ ಅನ್ವಯಿಸುವುದೋ ಎಂಬ ಪ್ರಶ್ನೆ ಆಗ ಏಳಲಿಲ್ಲ. ಆ ಪ್ರಶ್ನೆಯನ್ನು ಎತ್ತಿದ್ದು ಮಹಾಮಾರಿ.

2020ರ ಫೆಬ್ರುವರಿಯಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಉದ್ಘಾಟನೆಗೊಂಡಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಈ ಕಾಲಸಾಮೀಪ್ಯ ಆಕಸ್ಮಿಕವಾದರೂ ಅದರ ಪರಿಣಾಮ ದೊಡ್ಡದು. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ, ಕಥೆ, ಕಾದಂಬರಿಗಳು ಉಚಿತವಾಗಿ ಮೊಬೈಲಿಗೆ ದೊರೆತವು. ಕೇಂದ್ರ ಗ್ರಂಥಾಲಯದ ಮೇಜನ್ನೇ ನೆಚ್ಚಿಕೊಂಡಿದ್ದ ಬೆಳಗಾವಿಯಂಥ ನಗರದ ಪರೀಕ್ಷಾರ್ಥಿಗಳಿಗೆ ಇದು ನಿಜವಾದ ಆಸರೆಯಾಗಬಲ್ಲುದಾಗಿತ್ತು. ಆದರೆ ನಗರದಿಂದ ಹೊರಟು ಖಾನಾಪುರವನ್ನು ದಾಟಿದರೆ ಚಿತ್ರ ಬದಲಾಗುತ್ತದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಮತ್ತು 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಸುತ್ತಲಿನ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದ ರಸ್ತೆ, ವಿದ್ಯುತ್ತು, ಮೊಬೈಲ್ ಸಂಪರ್ಕ ಮೂರೂ ಅನಿಶ್ಚಿತ. ಕನ್ನಡ, ಮರಾಠಿ, ಕೊಂಕಣಿಗಳು ಬೆರೆತು ಬಾಳುವ, ಗೌಳಿ ಮತ್ತು ಸಿದ್ದಿ ಸಮುದಾಯಗಳ ನೆಲೆಯೂ ಆಗಿರುವ ಈ ತಾಲ್ಲೂಕಿನಲ್ಲಿ ಮನೆಗೊಂದೇ ಮೊಬೈಲು ಇದ್ದರೆ ಅದು ದುಡಿಯಲು ಹೋದವರ ಕಿಸೆಯಲ್ಲಿರುತ್ತದೆ, ಮಗುವಿನ ಕೈಯಲ್ಲಲ್ಲ. ಸದಸ್ಯತ್ವದ ಅಂಕಿಯು ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಪುಸ್ತಕಗಳ ಮನೆ ತೆರೆದಿತ್ತು. ಓದಿನ ಮನೆ ಮುಚ್ಚಿತ್ತು.

ಸೋಂಕು ಹರಡುವಾಗ ಓದುವ ಕೋಣೆಯನ್ನು ಮುಚ್ಚದೆ ಬೇರೆ ದಾರಿಯೇನಿತ್ತು ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ. ಕೋಣೆಯನ್ನು ಮುಚ್ಚಿದ್ದು ಅನಿವಾರ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಜನಪದರು ಅಂತರವನ್ನೂ ಕೂಟವನ್ನೂ ಪರಸ್ಪರ ವಿರುದ್ಧವೆಂದು ಎಣಿಸಿದವರಲ್ಲ ಎಂಬುದನ್ನು ಗಮನಿಸಬೇಕು. ಸಿಡುಬು ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ಆಚರಣೆ ದೈವಭಕ್ತಿಯ ಸಂಕೇತವಾಗಿದ್ದಂತೆಯೇ ಹೊರಗಿನವರಿಗೆ ನೀಡುವ ಸೂಚನೆಯೂ ಆಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕರ್ನಾಟಕದ ಉತ್ತರ ಭಾಗಕ್ಕೂ ಹಬ್ಬಿದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಊರಿನ ಗೋಡೆಗಳನ್ನು ತೊರೆದ ಆ ಜನ ಒಟ್ಟಿಗೆ ಬಾಳುವುದನ್ನು ತೊರೆಯಲಿಲ್ಲ. ಪ್ಲೇಗಿನ ನಿಯಂತ್ರಣಕ್ಕೆಂದು 1897ರಲ್ಲಿ ರೂಪಿಸಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು 2020ರಲ್ಲಿ ಮತ್ತೆ ಬಳಸಲಾಯಿತು. ಆಡಳಿತವು ತನ್ನ ಕಾಯ್ದೆಯನ್ನು ನೆನಪಿಸಿಕೊಂಡಷ್ಟು ಸುಲಭವಾಗಿ ಸಮುದಾಯದ ಈ ಅನುಭವವನ್ನು ನೆನಪಿಸಿಕೊಳ್ಳಲಿಲ್ಲ.

ಈ ಅನುಭವಕ್ಕೆ ಸಮೀಪವಾದ ಎರಡು ಪ್ರಯತ್ನಗಳು ಕರ್ನಾಟಕದಲ್ಲಿಯೇ ನಡೆದವು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮವು ಮಕ್ಕಳ ಸಣ್ಣ ಗುಂಪುಗಳನ್ನು ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ, ಬಯಲಿನಲ್ಲಿ ಕೂಡಿಸಿತು. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದದ್ದು ಅದರ ಮಿತಿ. ನೆಲೆಯ ಆಯ್ಕೆಯಲ್ಲಿ ಜನಪದ ವಿವೇಕ ಕಂಡುಬಂದದ್ದು ಅದರ ಗುಣ. ಎರಡನೆಯದು ‘ಓದುವ ಬೆಳಕು’. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದಿದ್ದವು. 2020ರ ನವೆಂಬರಿನಲ್ಲಿ ಶಾಲೆಗಳ ಬಾಗಿಲು ಇನ್ನೂ ಮುಚ್ಚಿದ್ದಾಗ, ಹಳ್ಳಿಯ ಮಕ್ಕಳನ್ನು ಉಚಿತ ಸದಸ್ಯರನ್ನಾಗಿಸುವ ಈ ಅಭಿಯಾನ ಆರಂಭವಾಯಿತು. ಅಲ್ಪ ಗೌರವಧನದಲ್ಲಿ ದುಡಿಯುವ ಮೇಲ್ವಿಚಾರಕರೇ ಇದರ ಬೆನ್ನೆಲುಬಾದರು. ಬಾಗಿಲ ಬಳಿ ನಿಂತು ಪುಸ್ತಕ ಪಡೆದು ಮನೆಗೊಯ್ಯುವ ಮಗು ಯಾವ ವಿದ್ಯುನ್ಮಾನ ಸಾಧನಕ್ಕೂ ಕಾಯಬೇಕಿಲ್ಲ. ಎಸ್. ಆರ್. ರಂಗನಾಥನ್ ಅವರು ತಮ್ಮ ಗ್ರಂಥಾಲಯ ಸೂತ್ರಗಳ ಗ್ರಂಥವನ್ನು ಪ್ರಕಟಿಸಿದ 1931ರಲ್ಲಿಯೇ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹೊರಟಿತ್ತು. ಓದುಗ ಬರಲಾಗದಿದ್ದರೆ ಪುಸ್ತಕವೇ ಹೋಗಬೇಕೆಂಬ ಈ ತತ್ತ್ವ ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಇಂದಿಗೂ ಹೆಚ್ಚು ಹೊಂದುತ್ತದೆ.

ಗ್ರಂಥಾಲಯದ ಮತ್ತೊಂದು ಕರ್ತವ್ಯ ಈ ಚರ್ಚೆಗಳಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. ಪುಸ್ತಕ ಕೊಡುವುದು ಒಂದಾದರೆ, ಸಮುದಾಯದ ನೆನಪನ್ನು ಕಾಪಿಡುವುದು ಇನ್ನೊಂದು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಆಡಳಿತದ ಕಡತಗಳು ಅವನನ್ನು ಬಂಡುಕೋರನೆಂದು ಬರೆದವು. ಲಾವಣಿಕಾರರು ವೀರನೆಂದು ಹಾಡಿದರು. ಆ ಹಾಡು ಅರ್ಧ ಶತಮಾನ ಬಾಯಿಂದ ಬಾಯಿಗೆ ಉಳಿದು ಬಂದುದರಿಂದಲೇ ಜೆ. ಎಫ್. ಫ್ಲೀಟ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಸಂಗ್ರಹಿಸಿ ಪ್ರಕಟಿಸುವುದು ಸಾಧ್ಯವಾಯಿತು. ಕಡತ ಮಾತ್ರ ಉಳಿದಿದ್ದರೆ ರಾಯಣ್ಣನ ಚಿತ್ರ ಬೇರೆಯೇ ಆಗಿರುತ್ತಿತ್ತು.

ಕೊರೊನಾ ಕಾಲದ ವಿಷಯದಲ್ಲಿ ಇದೇ ಅಪಾಯವಿದೆ. 2021ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ ಮಠವೊಂದರ ಕುದುರೆಯ ಅಂತ್ಯಯಾತ್ರೆಗೆ ನೂರಾರು ಜನ ಸೇರಿದ್ದು ದೇಶದಾದ್ಯಂತ ಸುದ್ದಿಯಾಯಿತು. ಮಾಧ್ಯಮದಲ್ಲಿ ಅದು ಮುಖ್ಯವಾಗಿ ನಿಯಮೋಲ್ಲಂಘನೆಯಾಗಿ ಕಾಣಿಸಿಕೊಂಡಿತು. ನಿಯಮವನ್ನು ಮೀರಿದ್ದು ನಿಜ. ಅದರಿಂದ ಅಪಾಯವಿದ್ದುದೂ ನಿಜ. ಆದರೆ ರೋಗ ದೂರವಾಗಲೆಂದು ಕುದುರೆಯನ್ನು ಊರೊಳಗೆ ಬಿಡುವ ನಂಬಿಕೆಯ ಮೂಲವೇನು, ಸಾವಿನ ಭಯವನ್ನು ಊರು ಹೇಗೆ ಹಂಚಿಕೊಂಡಿತು ಎಂಬುದು ದಂಡಸಂಹಿತೆಯ ಭಾಷೆಯಲ್ಲಿ ತಿಳಿಯುವುದಿಲ್ಲ. ಅಂತ್ಯಸಂಸ್ಕಾರಕ್ಕೆ ಬಂಧುಗಳು ಬರಲಾಗದ ದುಃಖ, ಜಾತ್ರೆ ನಿಂತ ವರ್ಷದ ಹರಕೆ, ನಗರದಿಂದ ನಡೆದು ಬಂದವರ ದಾರಿಯ ಕಥನ, ಹೆಂಗಸರ ಹಾಡಿಗೆ ಸೇರಿಕೊಂಡ ಹೊಸ ಸಾಲು, ಇವೆಲ್ಲ ಜನರ ನಾಲಗೆಯ ಮೇಲಿನ ಗ್ರಂಥಗಳು. ಇವನ್ನು ಹೇಳಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಈ ಹಿನ್ನೆಲೆಯಲ್ಲಿ ಹೇಳಬಹುದಾದ ಮಾತು ಇಷ್ಟು: ಮಹಾಮಾರಿಯ ಕಾಲದ ಗ್ರಂಥಾಲಯ ಸೇವೆಯ ಮೌಲ್ಯಮಾಪನವು ಅಂಕಿಗಳಲ್ಲಿ ಮುಗಿಯಬಾರದು. ಡಿಜಿಟಲ್ ಸೇವೆ ಅಗತ್ಯ, ಆದರೆ ಅದು ಪುಸ್ತಕವನ್ನು ಹೊತ್ತೊಯ್ಯುವ ವ್ಯವಸ್ಥೆಗೆ ಪರ್ಯಾಯವಲ್ಲ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರಿಗೆ ಮೌಖಿಕ ನಿರೂಪಣೆಗಳನ್ನು ದಾಖಲಿಸುವ ತರಬೇತಿ ಮತ್ತು ಅದಕ್ಕೆ ತಕ್ಕ ಸಂಭಾವನೆ ದೊರೆಯಬೇಕು. ದಾಖಲೆಯು ಹೇಳುವವರ ಭಾಷೆಯಲ್ಲಿಯೇ ಇರಬೇಕು. ಖಾನಾಪುರದಲ್ಲಿ ಅದು ಕನ್ನಡವಾಗಬಹುದು, ಮರಾಠಿಯಾಗಬಹುದು, ಕೊಂಕಣಿಯಾಗಬಹುದು. ಹೇಳಿದವರ ಒಪ್ಪಿಗೆಯೊಂದಿಗೆ ಅದರ ಒಂದು ಪ್ರತಿ ಆ ಊರಿನ ಗ್ರಂಥಾಲಯದಲ್ಲಿಯೇ ಉಳಿಯಬೇಕು. ಮುಂದೊಂದು ದಿನ ಮತ್ತೊಂದು ರೋಗ ಬಂದಾಗ ಊರಿನವರು ತಮ್ಮ ಹಿರಿಯರು ಏನು ಮಾಡಿದರೆಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ತಮ್ಮೂರಿನ ಕಪಾಟಿನಲ್ಲಿಯೇ ಅವರಿಗೆ ದೊರೆಯಬೇಕು.