ಪ್ಲಾಂಟೆಯ ‘ವಿದ್ಯುತ್ ಸಂಶೋಧನೆಗಳು’

ಸೀಸದ ಸಂಚಾಯಕ ಕೋಶವನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದನೆಂಬುದು ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಆತನೇ 1879ರಲ್ಲಿ ಪ್ರಕಟಿಸಿದ, 1887ರಲ್ಲಿ ಇಂಗ್ಲಿಷಿಗೂ ಬಂದ ಸಂಶೋಧನ ಗ್ರಂಥವನ್ನು ಓದುವವರು ಮಾತ್ರ ವಿರಳ. ಈ ಗ್ರಂಥದ ಸತ್ತ್ವವಿರುವುದು ಕೋಶದ ವರ್ಣನೆಯಲ್ಲಿ ಅಲ್ಲ, ಕೋಶಗಳನ್ನು ಜೋಡಿಸುವ ಕ್ರಮದಲ್ಲಿ ಎಂದು ನನಗೆ ತೋರುತ್ತದೆ.

ಪ್ಲಾಂಟೆಗೆ ಒದಗಿದ್ದ ವಿದ್ಯುತ್ತಿನ ಮೂಲ ಬುನ್ಸೆನ್ ಕೋಶ. ಅದರ ಒತ್ತಡ ಸುಮಾರು 1.9 ವೋಲ್ಟು, ಸೀಸದ ಕೋಶವನ್ನು ತುಂಬಲು 2 ವೋಲ್ಟಿಗೂ ಮಿಗಿಲಾದ ಒತ್ತಡ ಬೇಕು. ಎರಡು ಬುನ್ಸೆನ್ ಕೋಶಗಳನ್ನು ಕೂಡಿಸಿದರೆ ಒಂದು ಸಂಚಾಯಕಕ್ಕೆ ಸಾಲುತ್ತದೆ. ಇಪ್ಪತ್ತು ಸಂಚಾಯಕಗಳನ್ನು ಶ್ರೇಣಿಯಲ್ಲಿ ಇರಿಸಿದರೆ ಸಾಲದು. ಆತನು ಇಪ್ಪತ್ತನ್ನೂ ಸಮಾಂತರವಾಗಿ ಜೋಡಿಸಿ, ಅವು ಒಂದೇ ಹಿರಿಯ ಕೋಶವೋ ಎಂಬಂತೆ ತುಂಬಿಸಿದನು. ಬಳಿಕ ಸಂಪರ್ಕಸಾಧನವನ್ನು ತಿರುಗಿಸಿದೊಡನೆ ಅವು ಶ್ರೇಣಿಯಾಗಿ ಮಾರ್ಪಟ್ಟು ಸುಮಾರು 40 ವೋಲ್ಟು ಲಭಿಸುತ್ತಿತ್ತು. ಇಲ್ಲಿ ಶಕ್ತಿಯೇನೂ ಹೊಸದಾಗಿ ಹುಟ್ಟಲಿಲ್ಲ. ಒತ್ತಡದ ಬೆಲೆಯನ್ನು ಕಾಲದ ರೂಪದಲ್ಲಿ ತೆರಬೇಕಾಗಿತ್ತು. 1877ರ ಆತನ ‘ರಿಯೋಸ್ಟ್ಯಾಟಿಕ್ ಯಂತ್ರ’ವು ಇದೇ ತತ್ತ್ವವನ್ನು ಅಭ್ರಕದ ಕಂಡೆನ್ಸರುಗಳಿಗೆ ಅನ್ವಯಿಸಿತು. ಗ್ರಂಥದ ಈ ಭಾಗ ಸ್ಫಟಿಕದಷ್ಟು ಸ್ವಚ್ಛ. ಮುಂದೆ ಗೋಲಮಿಂಚು, ಧ್ರುವಪ್ರಭೆ, ಸುರುಳಿ ನೀಹಾರಿಕೆಗಳನ್ನೆಲ್ಲ ತನ್ನ ಕಿಡಿಗಳಿಗೆ ಹೋಲಿಸತೊಡಗಿದಾಗ ಲೇಖಕನ ಕಲ್ಪನೆ ಪ್ರಮಾಣವನ್ನು ಹಿಂದಿಕ್ಕಿ ಓಡುತ್ತದೆ.

2021ರ ಕೊನೆಗೆ ಮಾರಾಟಕ್ಕೆ ಬಂದ ಅಮೆರಿಕದ ಹಮ್ಮರ್ ಇ.ವಿ. ವಾಹನದಲ್ಲಿಯೂ ಇಂತಹ ಸ್ಥಾನಪಲ್ಲಟ ಉಂಟು. ‘ಇದು ಪ್ಲಾಂಟೆಯ ಯುಕ್ತಿಯೇ’ ಎಂದುಬಿಡುವ ಆಸೆ ಇತಿಹಾಸಕಾರನಿಗೆ ಸಹಜ. ನಾನೂ ತರಗತಿಯಲ್ಲಿ ಹಾಗೆಂದವನೇ. ಆದರೆ ಕ್ರಮವು ಇಲ್ಲಿ ತಲೆಕೆಳಗು. ಓಡುವಾಗ ಬ್ಯಾಟರಿಯ ಎರಡು ಭಾಗಗಳು ಸಮಾಂತರವಾಗಿದ್ದು ಸುಮಾರು 400 ವೋಲ್ಟು ಕೊಡುತ್ತವೆ. ತುಂಬುವಾಗ ಶ್ರೇಣಿಯಾಗಿ 800 ವೋಲ್ಟನ್ನು ಸ್ವೀಕರಿಸುತ್ತವೆ. ಕಾರಣವೂ ಬೇರೆ. 350 ಕಿಲೋವಾಟನ್ನು 400 ವೋಲ್ಟಿನಲ್ಲಿ ಸಾಗಿಸಲು 875 ಆಂಪಿಯರ್ ಬೇಕು, 800ರಲ್ಲಿ ಅದರ ಅರ್ಧ ಸಾಕು. ತಂತಿಯ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದೇ ತಂತಿಯಲ್ಲಿ ಕಾವು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ಲಾಂಟೆಯನ್ನು ಕಾಡಿದ್ದು ಒತ್ತಡದ ಬಡತನ; ಇಂದಿನವರನ್ನು ಕಾಡುವುದು ಪ್ರವಾಹದ ಅತಿಶಯ.

ತುಂಬಿದ ಭಾಗಗಳನ್ನು ಮರಳಿ ಸಮಾಂತರಕ್ಕೆ ತರುವ ಮುನ್ನ ಅವುಗಳ ಒತ್ತಡಗಳು ಸರಿಸುಮಾರು ಸಮನಾಗಿರಬೇಕು. ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಪ್ರವಾಹವು ಧುಮ್ಮಿಕ್ಕುತ್ತದೆ. ತುಂಬಿದ ಮೇಲೆ ಶ್ರೇಣಿಗೆ ಹೊರಳಿಸುತ್ತಿದ್ದ ಪ್ಲಾಂಟೆಗೆ ಆ ಘಳಿಗೆಯಲ್ಲಿ ಈ ಭಯವಿರಲಿಲ್ಲ.