ಹುಟ್ಟಿನ ಸದ್ದು

ಮಂಜು ಕವಿದ ಗಂಗೆ. ದಡ ಯಾವುದು, ನೀರು ಯಾವುದು ಎಂದು ಕಣ್ಣು ಇನ್ನೂ ತಡಕಾಡುತ್ತಿರುವಾಗಲೇ ಕಿವಿಗೆ ಒಂದು ಸದ್ದು ಬೀಳುತ್ತದೆ. ದೋಣಿಯ ಹುಟ್ಟು ಕಟ್ಟಿಗೆ ಉಜ್ಜಿ ಕಿರ್ರೆಂದು, ತುಸು ತಡೆದು, ಮತ್ತೆ ಕಿರ್ರೆನ್ನುತ್ತದೆ. ಎಣ್ಣೆ ಕಾಣದ ಬಾವಿಯ ರಾಟೆ ಅಳುತ್ತದಲ್ಲ, ಹೆಚ್ಚುಕಡಿಮೆ ಅದೇ ಸ್ವರ. ರಾಬರ್ಟ್ ಗಾರ್ಡ್ನರ್ ಕಾಶಿಯ ಮೇಲೆ ಮಾಡಿದ ‘ಫಾರೆಸ್ಟ್ ಆಫ್ ಬ್ಲಿಸ್’ (1986) ಚಿತ್ರವನ್ನು ಯಾವಾಗ ನೆನೆದರೂ ನನಗೆ ಮೊದಲು ಬರುವುದು ಈ ಸದ್ದೇ. ಸಾವಿನ ಊರಿನ ಚಿತ್ರದಲ್ಲಿ ಮತ್ತೆ ಮತ್ತೆ ಕೇಳುವುದು ಹುಟ್ಟಿನ ಸದ್ದು! ಗಾರ್ಡ್ನರ್ ಅವರ ಇಂಗ್ಲಿಷಿಗೆ ದಕ್ಕದ ಶ್ಲೇಷೆ, ಕನ್ನಡದವರಿಗೆ ಪುಕ್ಕಟೆ.

ಹೆಸರೇನೋ ನಮ್ಮದೇ. ಕಾಶಿಗೆ ಪುರಾಣಗಳು ಕೊಟ್ಟ ‘ಆನಂದವನ’ ಎಂಬ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿದ್ದಾರೆ. ಅದೇ ಊರಿಗೆ ‘ಮಹಾಶ್ಮಶಾನ’ ಎಂಬ ಹೆಸರೂ ಉಂಟು. ಚಿತ್ರ ಈ ಎರಡೂ ಹೆಸರುಗಳ ನಡುವೆ ಒಂದು ದಿನ ಕಳೆಯುತ್ತದೆ: ಒಂದು ನಸುಕಿನಿಂದ ಮರುದಿನದ ನಸುಕಿನವರೆಗೆ, ತೊಂಬತ್ತು ನಿಮಿಷ. ಆರಂಭದಲ್ಲಿ ಕವಿ ಯೇಟ್ಸ್ ಇಂಗ್ಲಿಷಿಗೆ ತಂದ ಉಪನಿಷತ್ತಿನ ಒಂದು ಮಾತು ಮೂಡಿ ಮರೆಯಾಗುತ್ತದೆ. ಆಮೇಲೆ ನಿರೂಪಕನ ದನಿಯಿಲ್ಲ, ಅಡಿಬರಹವಿಲ್ಲ, ಇದು ಇಂಥ ಘಾಟು, ಇವರು ಇಂಥವರು ಎಂಬ ಪರಿಚಯವೂ ಇಲ್ಲ.

ಇದೇ ಗಾರ್ಡ್ನರ್ ಎರಡು ದಶಕ ಹಿಂದೆ ನ್ಯೂಗಿನಿಯ ದಾನಿ ಜನರ ನಡುವೆ ‘ಡೆಡ್ ಬರ್ಡ್ಸ್’ ಚಿತ್ರಿಸಿದಾಗ ಉದ್ದಕ್ಕೂ ತಾವೇ ಮಾತಾಡಿದ್ದರು. ಪಾತ್ರಗಳ ಮನಸ್ಸಿನೊಳಗೂ ಹೊಕ್ಕು ವರದಿ ಒಪ್ಪಿಸಿದ್ದರು. ಕಾಶಿಗೆ ಬರುವ ಹೊತ್ತಿಗೆ ಬಾಯಿಗೆ ಬೀಗ. ಅದು ವಿನಯವೋ ಹಟವೋ ಎಂದು ಆಗ ಕೆಲವರು ಕೇಳಿದರು. ನನಗನ್ನಿಸುವುದು, ಎರಡೂ.

ಮಾತು ಹೋದ ಜಾಗವನ್ನು ವಸ್ತುಗಳು ತುಂಬಿಕೊಂಡಿವೆ. ಚೆಂಡು ಹೂವನ್ನೇ ನೋಡಿ. ಹೊಲದಲ್ಲಿ ಬಿಡಿಸುತ್ತಾರೆ; ಅದು ಮಾಲೆಯಾಗುತ್ತದೆ. ಮಾಲೆ ದೇವರ ಕೊರಳಿಗೆ ಬೀಳುತ್ತದೆ, ಹೆಣದ ಎದೆಯ ಮೇಲೆ ಕೂರುತ್ತದೆ, ಹೊಸ ದೋಣಿಗೂ ಏರುತ್ತದೆ. ಕೊನೆಗೊಮ್ಮೆ ಹಸುವೋ ಎಮ್ಮೆಯೋ ಬಾಯಿ ಹಾಕಿ ನೆಮ್ಮದಿಯಿಂದ ಮೆಲ್ಲುತ್ತದೆ. ಇದು ಚಕ್ರ ಎಂದು ಯಾರೂ ಹೇಳುವುದಿಲ್ಲ. ಮೊದಲ ಸಲ ಕಂಡ ಹೂವು ಬರೀ ಹೂವು. ಐದನೆಯ ಸಲ ಕಂಡಾಗ ಎದೆ ಸಣ್ಣಗೆ ಝಲ್ಲೆನ್ನುತ್ತದೆ. ಬಿದಿರೂ ಹಾಗೆಯೇ. ಒಬ್ಬ ಹಸಿ ಬಿದಿರು ಸೀಳಿ, ಅಡ್ಡಪಟ್ಟಿ ಜೋಡಿಸಿ ಕಟ್ಟುತ್ತಿದ್ದಾನೆ. ಏಣಿಯೆಂದುಕೊಂಡು ಅವನ ಕೈಚಳಕ ಮೆಚ್ಚುತ್ತೇವೆ. ಮುಂದೆಲ್ಲೋ ಅದನ್ನು ಹೆಗಲ ಮೇಲೆ ಹೊತ್ತು ತರುವುದನ್ನು ಕಂಡಾಗ ತಿಳಿಯುತ್ತದೆ: ಅದು ಚಟ್ಟ. ಗಾರ್ಡ್ನರ್ ಅವಸರ ಮಾಡುವುದಿಲ್ಲ. ಸೌದೆಯನ್ನೂ ಮೊದಲು ದೋಣಿಯ ಸರಕಾಗಿ, ಆಮೇಲೆ ದೊಡ್ಡ ತಕ್ಕಡಿಯ ತೂಕವಾಗಿ ತೋರಿಸಿ, ಚಿತೆಯನ್ನು ತುಂಬ ತಡವಾಗಿ ಕಣ್ಣಿಗೆ ಬಿಡುತ್ತಾರೆ. ಕಾಶಿಗೆ ಬಂದ ಪ್ರವಾಸಿಯ ಕ್ಯಾಮೆರಾ ನೇರ ಮಣಿಕರ್ಣಿಕೆಯ ಚಿತೆಗಳಿಗೇ ಓಡುತ್ತದಲ್ಲ, ಆ ಚಪಲಕ್ಕೆ ಇಷ್ಟು ಚೆಂದದ ಕಡಿವಾಣ ನಾನು ಬೇರೆ ಕಂಡಿಲ್ಲ.

ಕನ್ನಡದವರಿಗೆ ತೆರೆಯ ಮೇಲಿನ ಕಾಶಿ ಎಂದರೆ ಬಹುಕಾಲ 1965ರ ‘ಸತ್ಯ ಹರಿಶ್ಚಂದ್ರ’. ರಾಘವಾಂಕನ ಕಾವ್ಯದಿಂದ ನಡೆದು ಬಂದ ಸುಡುಗಾಡಿನ ಒಡೆಯ ವೀರಬಾಹುವಿಗೆ ಎಂ.ಪಿ. ಶಂಕರ್ ಮೈ ಕೊಟ್ಟರು; ಆ ಗತ್ತು ಇನ್ನೂ ಯಾರಿಗೂ ಮರೆತಿಲ್ಲ. ಗಾರ್ಡ್ನರ್ ಚಿತ್ರದಲ್ಲಿ ಆ ಪದವಿಯ ನಿಜವಾದ ವಾರಸುದಾರ ಇದ್ದಾನೆ: ಚಿತೆಯ ಬೆಂಕಿಯ ಒಡೆಯ, ಡೋಮರಾಜ. ಗದೆಯಿಲ್ಲ, ಅಟ್ಟಹಾಸವಿಲ್ಲ. ಭಾರಿ ಮೈಯ ಮನುಷ್ಯ ಕೂತಲ್ಲೇ ಕೂತು, ಸತ್ತವರ ಕಡೆಯವರೊಡನೆ ಬೆಂಕಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತಾನೆ. ವೀರಬಾಹುವಿಗೆ ಕಪ್ಪಕಾಣಿಕೆ ಲೆಕ್ಕ ಹಾಕುವ ಹರಿಶ್ಚಂದ್ರನಿದ್ದ. ಇವನು ಲೆಕ್ಕವನ್ನೂ ತಾನೇ ನೋಡಿಕೊಳ್ಳುತ್ತಾನೆ.

ಇಲ್ಲಿಯೇ ನನ್ನ ತಕರಾರು. ಅಡಿಬರಹವಿಲ್ಲದ್ದು ಬಿದಿರು ಸೀಳುವವನಿಗೆ ಒಂದಿಷ್ಟೂ ನಷ್ಟವಲ್ಲ. ಅವನ ಮಾತೆಲ್ಲ ಬೆರಳಲ್ಲಿದೆ. ದೋಣಿ ಕಟ್ಟುವ ಬಡಗಿಗೂ ಅಷ್ಟೇ. ಮುಂಜಾವದಲ್ಲಿ ನರಳುತ್ತ ಮೆಟ್ಟಿಲಿಳಿದು ಗಂಗೆಗೆ ಹೋಗುವ ಮಿಠಾಯಿ ಲಾಲ್ ಎಂಬ ವೈದ್ಯನ ಆ ಉಸಿರು, ಆ ಉದ್ಗಾರ ಯಾವ ಭಾಷೆಗೂ ಸೇರಿದ್ದಲ್ಲ. ಮಂಡಿ ನೋವಿದ್ದವರಿಗೆಲ್ಲ ಅದು ಅರ್ಥವಾಗುತ್ತದೆ. ಆದರೆ ಡೋಮರಾಜ ಬದುಕುವುದೇ ನಾಲಗೆಯ ಮೇಲೆ. ಅವನ ವರಸೆ, ಗದರಿಕೆ, ನಡುವೆ ತೂರಿಸುವ ಕೊಂಕು ಇವೇ ಅವನ ಕಸುಬು. ಅದನ್ನು ಬರೀ ಗದ್ದಲವಾಗಿ ಕೇಳಿಸಿದರೆ ಉಳಿಯುವುದು ಹೊಟ್ಟೆ ಮತ್ತು ಮೀಸೆ, ಅಷ್ಟೇ. ಕಾಶಿಯಲ್ಲೇ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ ಈ ಚಿತ್ರದ ಮೌನವನ್ನು ಒಪ್ಪಲಿಲ್ಲ. ಏನೂ ಹೇಳದೆ ತೋರಿಸಿದರೆ ಗೊತ್ತಿಲ್ಲದವರು ವಿಚಿತ್ರವನ್ನಷ್ಟೇ ಕಂಡು ಎದ್ದು ಹೋಗುತ್ತಾರೆ ಎಂಬುದು ಅಂಥವರ ಅಳಲು. ಅವರ ವಾದವನ್ನು ಇಡೀ ಚಿತ್ರಕ್ಕೆ ಹೊರಿಸಲು ನಾನು ಸಿದ್ಧನಿಲ್ಲ. ಡೋಮರಾಜನ ಮನೆಯೊಳಗೆ ಮಾತ್ರ ಪ್ಯಾರಿಯವರ ಪಕ್ಕ ನಿಲ್ಲುತ್ತೇನೆ.

ಒಂದು ಸಲ ಈ ಚಿತ್ರವನ್ನು ಕೆಲವು ವರ್ಷ ಕಾಶಿಯಲ್ಲಿದ್ದ ಗೆಳೆಯರೊಬ್ಬರ ಜತೆ ಕೂತು ನೋಡಿದೆ. ನನ್ನದು ದೂರದರ್ಶನದ ಹಿಂದಿ. ಅಲ್ಲಿಯವರ ಆಡುಮಾತು ಅರ್ಧ ತಲೆಗೆ ಹೋಗಿ ಅರ್ಧ ಜಾರುತ್ತದೆ. ಬಾಸ್ಟನ್ನಿನವನಷ್ಟು ಕುರುಡಲ್ಲ, ಬನಾರಸಿನವನಷ್ಟು ಬಲ್ಲವನೂ ಅಲ್ಲ. ಗೆಳೆಯರು ಸಾಲು ಸಾಲಿಗೂ ಅರ್ಥ ಹೇಳತೊಡಗಿದರು. ಎರಡು ನಿಮಿಷಕ್ಕೆ ನನಗೆ ಹುಟ್ಟಿನ ಸದ್ದೇ ಕೇಳದಂತಾಯಿತು. “ದಯವಿಟ್ಟು ಸುಮ್ಮನಿರಿ ಮಾರಾಯ್ರೆ,” ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದರು. ಡೋಮರಾಜ ಬಂದ. ಕೈಯಾಡಿಸಿ ಏನೋ ಹೇಳಿದ, ಎದುರಿಗಿದ್ದವರು ಏನೋ ಗೋಗರೆದರು. ನನಗೆ ತಡೆಯಲಾಗಲಿಲ್ಲ.

“ಏನಂತೆ?” ಎಂದೆ.

“ಸುಮ್ಮನಿರಿ ಅಂದಿರಲ್ಲ,” ಎಂದರು ಅವರು, ತೆರೆಯಿಂದ ಕಣ್ಣು ತೆಗೆಯದೆ.