ತುಪ್ಪದ ಗುಣ ಮತ್ತು ಅಳತೆಯ ದೋಷ

ಸಂಯುಗ್ಮಿತ ಲಿನೋಲೆಯಿಕ್ ಆಮ್ಲವು ಹಿತಕರವೆಂಬ ವಿಚಾರವು 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮೈಕೇಲ್ ಪರೀಜಾ ಅವರ ಪ್ರಾಣಿಪ್ರಯೋಗಗಳಿಂದ ಪ್ರಸಿದ್ಧಿಗೆ ಬಂದಿತು. ಈ ಮೇದಾಮ್ಲವು ಹಾಲಿನ ಕೊಬ್ಬಿನಲ್ಲಿ ಸಹಜವಾಗಿಯೇ ಇರುತ್ತದೆ. 1990ರಲ್ಲಿ ಆರ್. ಪಿ. ಅನೇಜಾ ಮತ್ತು ಟಿ. ಎನ್. ಮೂರ್ತಿ ಅವರು ಭಾರತೀಯ ಮೊಸರು ತುಪ್ಪಗಳಲ್ಲಿ ಇದರ ಪ್ರಮಾಣವನ್ನು ಕುರಿತು ಬರೆದರು. ಹೆಪ್ಪಿಟ್ಟು, ಕಡೆದು, ಕಾಯಿಸಿದ ಮನೆಯ ತುಪ್ಪವೇ ಶ್ರೇಷ್ಠವೆಂಬ ಮಾತು ಈಗ ಸಾಮಾನ್ಯವಾಗಿದೆ. ಪರೀಕ್ಷಿಸದೆ ಇದನ್ನು ಒಪ್ಪುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಪ್ರಶ್ನೆ ಅಳತೆಯ ಆಧಾರದ್ದು. ಒಂದು ಗ್ರಾಂ ಕೊಬ್ಬಿನಲ್ಲಿ 5 ಮಿಲಿಗ್ರಾಂ ಆಮ್ಲವಿದೆಯೆಂದು ಇಟ್ಟುಕೊಳ್ಳೋಣ. ಶೇಕಡ 4ರಷ್ಟು ಕೊಬ್ಬುಳ್ಳ 100 ಗ್ರಾಂ ಹಾಲಿನಲ್ಲಿ ಅದು 20 ಮಿಲಿಗ್ರಾಂ. 100 ಗ್ರಾಂ ತುಪ್ಪದಲ್ಲಾದರೋ ಸುಮಾರು 500. ಹೊಸದೇನೂ ಹುಟ್ಟದೆಯೇ ಪ್ರಮಾಣವು 25 ಮಡಿಯಾಯಿತು. ಆದುದರಿಂದ ಹೋಲಿಕೆಯು ಕೊಬ್ಬಿನ ತೂಕದ ಮೇಲೆ ನಡೆಯತಕ್ಕದ್ದು. ಹಾಗೆ ನಡೆದಾಗ ಪಾಶ್ಚರೀಕರಣದಿಂದಾಗುವ ವ್ಯತ್ಯಾಸ ಅಲ್ಪ. ಹಸುವಿನ ಮೇವಿನಿಂದಾಗುವುದೇ ಅಧಿಕ. ಹಸಿಮೇವಿನ ಮೇದಾಮ್ಲಗಳನ್ನು ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾರ್ಪಡಿಸುತ್ತವೆ. ಕೆಚ್ಚಲಿನಲ್ಲಿ ಈ ಆಮ್ಲದ ಬಹುಭಾಗವು ರೂಪುಗೊಳ್ಳುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಸಂಯುಗ್ಮಿತ ದ್ವಿಬಂಧಗಳು ಸುಮಾರು 233 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣವನ್ನು ಹೀರುತ್ತವೆ. ಈ ಹೀರಿಕೆಯಿಂದ ಆಮ್ಲವನ್ನು ಅಳೆಯುವುದು ಸುಲಭ. ಆದರೆ ಕೊಬ್ಬು ಗಾಳಿಯೊಡನೆ ಕೂಡಿ ಕೆಡತೊಡಗಿದಾಗಲೂ ಇಂಥ ಬಂಧಗಳೇ ಹುಟ್ಟುತ್ತವೆ. ಇಷ್ಟನ್ನೇ ನಂಬಿದರೆ ಕೆಡುವಿಕೆಯ ಕುರುಹನ್ನೇ ಗುಣವೆಂದು ಎಣಿಸಿದಂತಾಗುತ್ತದೆ. ಅನಿಲ ವರ್ಣಲೇಖನದಿಂದ ಒಂದೊಂದು ರೂಪವನ್ನೂ ಬೇರ್ಪಡಿಸಿ ಅಳೆದ ಫಲಿತಾಂಶಗಳಿಗೆ ಮಾತ್ರ ನಾವು ಪೂರ್ಣ ಮನ್ನಣೆ ಕೊಡಬಹುದು.

ಇದು ಕೇವಲ ಪ್ರಯೋಗಶಾಲೆಯ ವಿವಾದವಲ್ಲ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಂಥ ಊರುಗಳಲ್ಲಿ ಡೈರಿಗೆ ಹಾಕಿ ಉಳಿದ ಹಾಲಿನ ಬೆಣ್ಣೆಯನ್ನು ಹಲವು ದಿನ ಕೂಡಿಟ್ಟು ಕಾಯಿಸುವ ಮನೆಗಳುಂಟು. ಕೂಡಿಟ್ಟ ಬೆಣ್ಣೆಯ ಹಳಸಿಕೆಯೂ ಅಳತೆಯೊಳಗೆ ಸೇರಬಹುದು. ಕಾಯಿಸುವಾಗ ಹಾಕುವ ವೀಳ್ಯದೆಲೆಯಲ್ಲಿ ಈ ಕೆಡುವಿಕೆಯನ್ನು ತಡೆಯುವ ಫೀನಾಲುಗಳಿವೆ. ಬೆಳಕು ತಾಗದ, ಬಾಯಿ ಮುಚ್ಚಿದ ಪಾತ್ರೆಯೂ ಅದೇ ಕೆಲಸಕ್ಕೆ ನೆರವು.

ಆದಕಾರಣ ಈ ವಿಷಯವನ್ನು ಕೈಗೊಳ್ಳುವ ವಿದ್ಯಾರ್ಥಿಗಳು ಹೊಸ ಬೆಣ್ಣೆ, ಕೂಡಿಟ್ಟ ಬೆಣ್ಣೆ, ಆಗ ಕಾಯಿಸಿದ ತುಪ್ಪ, ಇಟ್ಟ ತುಪ್ಪ ಇವುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಲಿ. ಜೊತೆಗೆ ಪೆರಾಕ್ಸೈಡ್ ಮೌಲ್ಯವನ್ನೂ, ಹಸು ತಿಂದುದು ರಾಗಿಹುಲ್ಲೋ ಹಸಿಮೇವೋ ಎಂಬುದನ್ನೂ ದಾಖಲಿಸಲಿ. ಪ್ರಾಣಿಗಳಲ್ಲಿ ಕಂಡ ಹಿತವು ಮನುಷ್ಯರಲ್ಲಿ ಇನ್ನೂ ದೃಢಪಟ್ಟಿಲ್ಲ. ಅಳತೆಯೇ ಸಂದಿಗ್ಧವಾಗಿರುವಾಗ ತುಪ್ಪವನ್ನು ಔಷಧವೆಂದು ಜನರಿಗೆ ಬೋಧಿಸುವುದು ವಿಜ್ಞಾನದ ಕೆಲಸವಲ್ಲ.